11 ವಾರ ಆಯ್ತು, ತೂಕ ಅಲ್ಲೇ ನಿಂತಿದೆ. ಇನ್ನೇನನ್ನ ಅಳೆಯೋದು?

ಬೆಳಗಿನ_ಬೂಟು

ಎಲ್ಲರಿಗೂ ನಮಸ್ಕಾರ. ವಯಸ್ಸು 44, ಎತ್ತರ 172 ಸೆಂ.ಮೀ. ವ್ಯಾಯಾಮ ಶುರು ಮಾಡಿ ಇವತ್ತಿಗೆ 11 ವಾರ. ವಾರಕ್ಕೆ ಮೂರು ದಿನ ಜಿಮ್‌ನಲ್ಲಿ ಭಾರ ಎತ್ತೋದು, ಉಳಿದ ದಿನ 40 ನಿಮಿಷ ಬಿರುಸು ನಡಿಗೆ. ಊಟದಲ್ಲೂ ಹಿಡಿತ ಇದೆ. ಒಂದು ದಿನವೂ ತಪ್ಪಿಸಿಲ್ಲ ಅಂತ ಹೇಳಲ್ಲ, ಆದರೆ ಎರಡು ದಿನ ಒಟ್ಟಿಗೆ ತಪ್ಪಿಸಿಲ್ಲ.

ಶುರುವಿನಲ್ಲಿ ತೂಕ 83.9 ಕೆಜಿ. ಇವತ್ತು ಬೆಳಿಗ್ಗೆ 83.6. ನಡುವೆ ಒಮ್ಮೆ 82.8 ತೋರಿಸಿತ್ತು, ಮನೆಯಲ್ಲಿ ಎಲ್ಲರನ್ನೂ ಕರೆದು ತೋರಿಸಿದ್ದೆ. ಮೂರನೇ ದಿನಕ್ಕೆ 84.3. ಅವತ್ತು ಬೂಟು ಹಾಕಿಕೊಂಡವನು ಬಾಗಿಲಲ್ಲೇ ಹತ್ತು ನಿಮಿಷ ಕೂತುಬಿಟ್ಟೆ, ಹೊರಗೆ ಹೋಗೋಕೆ ಮನಸ್ಸೇ ಬರಲಿಲ್ಲ.

ಸೊಂಟದ ಅಳತೆ, ಫೋಟೋ ಯಾವುದನ್ನೂ ಶುರುವಿನಲ್ಲಿ ತೆಗೆದಿಟ್ಟಿಲ್ಲ. ತೂಕ ಒಂದೇ ಸಾಕು ಅಂದುಕೊಂಡಿದ್ದೆ. ಈಗ ಬೇರೆ ಏನಾದರೂ ಅಳೆಯೋಣ ಅಂದರೆ ಹೋಲಿಸೋಕೆ ಹಳೇ ಅಂಕಿಯೇ ಇಲ್ಲ. ಬದಲಾವಣೆ ಆಗ್ತಿದೆಯಾ ಇಲ್ಲವಾ ಅಂತ ತಿಳಿಯೋಕೆ ದಾರಿ ಇದೆಯಾ? ಸಮಾಧಾನದ ಮಾತು ಬೇಡ, ನಿಜ ಹೇಳಿ.

ಕಬ್ಬಿಣ_ಪ್ರೀತಿ

ಬೂಟು ಸರ್, ಮೊದಲು ಆ 82.8, 84.3 ವಿಷಯ. ಮೂರು ದಿನದಲ್ಲಿ ಒಂದೂವರೆ ಕೆಜಿ ಕೊಬ್ಬು ಬೆಳೆಯೋಕೆ ಸಾಧ್ಯವೇ ಇಲ್ಲ. ಒಂದು ಕೆಜಿ ಕೊಬ್ಬಿಗೆ ಸುಮಾರು 7,700 ಕಿಲೋಕ್ಯಾಲರಿ ಲೆಕ್ಕ. ಅಂದರೆ ಆ ಮೂರು ದಿನದಲ್ಲಿ, ನಿಮಗೆ ಬೇಕಾದ ಊಟದ ಮೇಲೆ 11,000ಕ್ಕೂ ಹೆಚ್ಚು ಕ್ಯಾಲರಿ ತಿಂದಿರಬೇಕಿತ್ತು. ನೀವು ಕಂಡದ್ದು ನೀರು.

ಸ್ನಾಯು ತನ್ನ ಇಂಧನವನ್ನ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಸೇರಿಕೊಳ್ಳುತ್ತೆ. ಹೊಸದಾಗಿ ವ್ಯಾಯಾಮ ಶುರು ಮಾಡಿದವರ ಸ್ನಾಯು ಮೊದಲಿಗಿಂತ ಜಾಸ್ತಿ ಕೂಡಿಡೋದನ್ನ ಕಲಿಯುತ್ತೆ. 300 ಗ್ರಾಂ ಹೆಚ್ಚಿದರೂ ತೂಕದ ಯಂತ್ರಕ್ಕೆ ಅದು 1.2 ಕೆಜಿ. ಮೈಕೈ ನೋವಿದ್ದಾಗ ಸ್ನಾಯು ಊದಿಕೊಂಡು ಹಿಡಿಯೋ ನೀರು ಬೇರೆ. ಹಿಂದಿನ ರಾತ್ರಿ ಊಟದಲ್ಲಿ ಉಪ್ಪು ಜಾಸ್ತಿ ಇದ್ದರೆ ಅದೂ ಸೇರುತ್ತೆ. ಜಿಮ್‌ಗೆ ಹೋಗೋರು ಶಕ್ತಿಗೆ ಅಂತ ತಗೊಳ್ಳೋ ಕ್ರಿಯಾಟಿನ್ ಪುಡಿ ತಗೊಳ್ತಿದ್ದೀರಾ? ಹೌದಾದರೆ ಅದರದ್ದೇ ಒಂದು ಕೆಜಿ ನೀರು ಇರಬಹುದು.

ಮತ್ತೆ, ಜಿಮ್‌ನಲ್ಲಿ ಎಷ್ಟು ಭಾರ, ಎಷ್ಟು ಸಲ ಅಂತ ಬರೆದಿಡ್ತೀರಾ?

ದಾರಿಹೋಕ

ನನ್ನ ಸಲಹೆ ಒಂದೇ. ತೂಕದ ಯಂತ್ರವನ್ನ ಅಟ್ಟದ ಮೇಲೆ ಹಾಕಿ. ಮೂರು ತಿಂಗಳು ಕೆಳಗಿಳಿಸಬೇಡಿ.

ನೇರ_ಮಾತು

ನಾನು ಒಪ್ಪಲ್ಲ. ಅಂಕಿ ನೋಡಿದರೆ ಊಟ ಬಿಡೋಷ್ಟು ಕಳವಳ ಆಗುತ್ತೆ ಅನ್ನುವವರು ಖಂಡಿತ ಅಟ್ಟಕ್ಕೆ ಹಾಕಲಿ, ಅಂಥವರಿಗೆ ಅದೇ ಸರಿ. ಉಳಿದವರು ಹತ್ತೋದನ್ನ ಕಡಿಮೆ ಮಾಡೋ ಬದಲು ಜಾಸ್ತಿ ಮಾಡಬೇಕು. ದಿನಾ ಬೆಳಿಗ್ಗೆ ಶೌಚ ಮುಗಿಸಿ, ಏನೂ ಕುಡಿಯೋ ಮೊದಲು ಹತ್ತಿ, ಬರೆದಿಟ್ಟು ಮರೆತುಬಿಡಿ. ಭಾನುವಾರ ಏಳೂ ಅಂಕಿ ಕೂಡಿಸಿ ಏಳರಿಂದ ಭಾಗಿಸಿ.

ಉದಾಹರಣೆಗೆ ನನ್ನದೇ ಹಳೆಯ ಒಂದು ವಾರ: 83.9, 83.1, 84.2, 83.6, 83.3, 84.0, 83.5. ದಿನದ ಲೆಕ್ಕದಲ್ಲಿ 1.1 ಕೆಜಿ ಏರಿಳಿತ. ಸರಾಸರಿ 83.7. ಮುಂದಿನ ವಾರದ ಸರಾಸರಿ 83.4 ಬಂತು. ಆ ವಾರದ ಬುಧವಾರ ಯಂತ್ರ 84.1 ತೋರಿಸಿತ್ತು, ಹಿಂದಿನ ಸೋಮವಾರದ್ದಕ್ಕಿಂತ ಜಾಸ್ತಿ. ವಾರಕ್ಕೊಂದೇ ಸಲ ಹತ್ತೋನಾಗಿದ್ದರೆ ಏರಿದೆ ಅಂತ ನಂಬಿಬಿಡ್ತಿದ್ದೆ. ವಾರಕ್ಕೆ 300 ಗ್ರಾಂ ಇಳಿಯೋದು ಒಂದು ಕೆಜಿ ಏರಿಳಿತದ ಒಳಗೆ ಮುಚ್ಚಿಹೋಗುತ್ತೆ.

ಫಿಸಿಯೋ_ಅಕ್ಕ

ಶುರುವಿನ ಅಳತೆ ಇಲ್ಲ ಅಂದ್ರಲ್ಲ, ಅಷ್ಟು ಬೇಗ ಕೈಬಿಡಬೇಡಿ. ನಿಮ್ಮ ಹಳೆಯ ಚರ್ಮದ ಬೆಲ್ಟ್ ತೆಗೆದು ಬೆಳಕಿಗೆ ಹಿಡಿದು ನೋಡಿ. ವರ್ಷಗಟ್ಟಲೆ ಬಕಲ್ ಒತ್ತಿದ ಜಾಗದಲ್ಲಿ ಅಡ್ಡ ಗೆರೆ ಬಿದ್ದಿರುತ್ತೆ, ಅಲ್ಲಿನ ತೂತು ಎಳೆದು ಉದ್ದ ಆಗಿರುತ್ತೆ. ಈಗ ನೀವು ಹಾಕ್ತಿರೋ ತೂತು ಅದೇನಾ, ಬೇರೇನಾ? ಬಕಲ್‌ನ ಮೊಳೆ ಕೂರೋ ಜಾಗದಿಂದ ಆ ತೂತಿನವರೆಗೆ ಅಳೆದರೆ ಹಳೆಯ ಸುತ್ತಳತೆ ಸಿಕ್ಕಿತು. ಕೈಗಡಿಯಾರದ ಪಟ್ಟಿ, ಉಂಗುರ, ಬಿಗಿಯಾಗಿ ಹೊಲಿಸಿದ ಬಟ್ಟೆ ಎಲ್ಲವೂ ಸಾಕ್ಷಿ ಹೇಳುತ್ತವೆ. ನನ್ನ ಹತ್ತಿರ ಬರೋ ಎಷ್ಟೋ ಜನಕ್ಕೆ ಇದನ್ನೇ ಕೇಳ್ತೀನಿ.

ಇನ್ನು ಇವತ್ತಿನಿಂದ ಸೊಂಟ ಅಳೆಯೋದಾದರೆ ಸರಿಯಾಗಿ ಅಳೆಯಿರಿ. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಜಾಗ ಹೊಕ್ಕಳಲ್ಲ. ಪಕ್ಕೆಯಲ್ಲಿ ಬೆರಳಿಗೆ ಸಿಗೋ ಕೊನೆಯ ಎಲುಬು ಒಂದು, ಸೊಂಟದ ಮೂಳೆಯ ಮೇಲಂಚು ಇನ್ನೊಂದು, ಅವೆರಡರ ಸರಿಯಾದ ನಡುವೆ. ಬರಿಮೈ ಮೇಲೆ ಟೇಪು ನೆಲಕ್ಕೆ ಸಮವಾಗಿ ಸುತ್ತಿ. ಹಿಂದುಗಡೆ ಜಾರಿರುತ್ತೆ, ಕನ್ನಡಿ ನೋಡಿಕೊಳ್ಳಿ. ಸಹಜವಾಗಿ ಉಸಿರು ಬಿಟ್ಟು ಆ ಕೊನೆಯಲ್ಲಿ ಓದಿ. ಹೊಟ್ಟೆ ಒಳಗೆ ಎಳೆಯಬೇಡಿ, ಟೇಪು ಚರ್ಮಕ್ಕೆ ತಾಗಬೇಕು, ಚುಚ್ಚಬಾರದು. ಎರಡು ಸಲ ಅಳೆದು ಒಂದು ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ಶುರು ಮಾಡಿ.

ಗುರಿ ಅಂತ ಒಂದು ಅಂಕಿ ಬೇಕಿದ್ದರೆ, ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ ಅನ್ನೋದು ಸುಲಭದ ಲೆಕ್ಕ. ಚಿಕಿತ್ಸೆಯ ಮಾರ್ಗಸೂಚಿ ಕೊಡೋ ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲಿ ಇದನ್ನೇ ಜನಕ್ಕೆ ಹೇಳಿತು. ನಿಮಗೆ 86 ಸೆಂ.ಮೀ. ಹೊಟ್ಟೆಯೊಳಗೆ ಅಂಗಾಂಗಗಳ ಸುತ್ತ ಕೂರೋ ಕೊಬ್ಬೇ ಸಕ್ಕರೆ ಕಾಯಿಲೆಗೂ ಹೃದಯಕ್ಕೂ ಹೆಚ್ಚು ಕೆಡುಕು, ಅದರ ಸುಳಿವು ತೂಕಕ್ಕಿಂತ ಸೊಂಟದಲ್ಲಿ ಚೆನ್ನಾಗಿ ಸಿಗುತ್ತೆ.

ಬೆಳಗಿನ_ಬೂಟು

ಅಕ್ಕ, ಓದಿದ ತಕ್ಷಣ ಎದ್ದು ಬೆಲ್ಟ್ ತೆಗೆದೆ. ಮೂರನೇ ತೂತು ಮೊಟ್ಟೆ ಆಕಾರಕ್ಕೆ ಎಳೆದಿದೆ, ಸುತ್ತ ಬಣ್ಣ ಸಿಪ್ಪೆ ಎದ್ದು ಬಿಳುಚಿಕೊಂಡಿದೆ. ಅದರ ಮುಂದೆ ನಾಲ್ಕನೆಯದರ ಪಕ್ಕದಲ್ಲೇ ನಾನು ಆರೇಳು ವಾರದ ಹಿಂದೆ ಮೊಳೆ ಹೊಡೆದು ಮಾಡಿಕೊಂಡ ಒಂದು ತೂತಿದೆ! ಪ್ಯಾಂಟು ಜಾರ್ತಿದೆ ಅಂತ ಮಾಡಿದ್ದೆ. ಬೆಲ್ಟ್ ಹಳೇದಾಗಿ ಹಿಗ್ಗಿದೆ ಅಂದುಕೊಂಡಿದ್ದೆ.

ಅಳೆದೆ. ಹಳೇ ತೂತಿಗೆ 97.5 ಸೆಂ.ಮೀ., ಈಗಿನದಕ್ಕೆ 94. ಬೆಲ್ಟ್ ನಿಜವಾಗಿಯೂ ಹಿಗ್ಗಿರಬಹುದಲ್ವಾ?

ಫಿಸಿಯೋ_ಅಕ್ಕ

ಹಿಗ್ಗಿರಬಹುದು. ಆದರೆ ಹಿಗ್ಗಿದ್ದರೆ ಹಳೇ ತೂತಿನ ದೂರವೂ ಅದರ ಜೊತೆಗೇ ಹಿಗ್ಗಿರುತ್ತೆ, ಎರಡನ್ನೂ ನೀವು ಇವತ್ತೇ ಅಳೆದಿದ್ದೀರಿ. ಹಳೆಯ ಸುತ್ತಳತೆ 97.5ಕ್ಕಿಂತ ಒಂಚೂರು ಕಡಿಮೆ ಇದ್ದಿರಬಹುದು ಅಷ್ಟೆ. 11 ವಾರದಲ್ಲಿ ಬೆಲ್ಟಿನ ಚರ್ಮ ಮೂರೂವರೆ ಸೆಂ.ಮೀ. ಹಿಗ್ಗೋದು ನಾನಂತೂ ನೋಡಿಲ್ಲ. ಒಂದು ಎಚ್ಚರ: ಬೆಲ್ಟ್ ಕೂರೋ ಜಾಗ ನಾನು ಹೇಳಿದ ಜಾಗಕ್ಕಿಂತ ಕೆಳಗೆ. ಬೆಲ್ಟನ್ನ ಬೆಲ್ಟಿನ ಜೊತೆ ಹೋಲಿಸಿ, ಟೇಪನ್ನ ಟೇಪಿನ ಜೊತೆ.

ನೇರ_ಮಾತು

ಒಳ್ಳೇ ಸುದ್ದಿ. ಆದರೂ ಇವರು ನಿಜ ಕೇಳಿದ್ದಾರೆ, ಹಾಗಾಗಿ ಹೇಳ್ತೀನಿ. "ಕೊಬ್ಬು ಕರಗಿ ಅಷ್ಟೇ ಸ್ನಾಯು ಬೆಳೆದಿದೆ, ಅದಕ್ಕೇ ತೂಕ ಹಾಗೇ ಇದೆ" ಅನ್ನೋ ಮಾತನ್ನ ತೂಕ ಇಳಿಯದ ಪ್ರತಿಯೊಬ್ಬರಿಗೂ ಹೇಳ್ತಾರೆ. ಎಲ್ಲರ ವಿಷಯದಲ್ಲೂ ಅದು ನಿಜ ಅಲ್ಲ. ಊಟದ ಅಳತೆ ಕಣ್ಣಂದಾಜಿನಲ್ಲೇ ನಡೆದಿದ್ದರೆ ನಾವು ತಿಂದದ್ದನ್ನ ಕಡಿಮೆ ಅಂದುಕೊಳ್ತೀವಿ, ನಡೆದದ್ದನ್ನ ಜಾಸ್ತಿ ಅಂದುಕೊಳ್ತೀವಿ.

ಲೆಕ್ಕ ಹಾಕಿ. ದಿನಕ್ಕೆ 300 ಕಿಲೋಕ್ಯಾಲರಿ ಕೊರತೆ ಇದ್ದರೆ 77 ದಿನಕ್ಕೆ 23,100, ಅಂದರೆ ಸರಿಯಾಗಿ 3 ಕೆಜಿ ಕೊಬ್ಬು. ಅದರಲ್ಲಿ ಒಂದು, ಒಂದೂವರೆ ಕೆಜಿಯನ್ನ ನೀರು ಮುಚ್ಚಬಹುದು, ಹೊಸಬರಾದ್ದರಿಂದ ಉಳಿದದ್ದರಲ್ಲಿ ಸ್ವಲ್ಪ ಸ್ನಾಯುವೂ ಮುಚ್ಚಬಹುದು. ನಿಮ್ಮ ಬೆಲ್ಟ್ ಆ ಕಡೆ ಬೆರಳು ತೋರಿಸ್ತಿದೆ. ಆದರೆ ನೀರು ಮುಚ್ಚೋದು ಒಂದೇ ಸಲ, ತಿಂಗಳು ತಿಂಗಳು ಅಲ್ಲ. ಆದ್ದರಿಂದ ಈಗಲೇ ಒಂದು ಷರತ್ತು ಬರೆದಿಟ್ಟುಕೊಳ್ಳಿ: ಮುಂದಿನ ನಾಲ್ಕು ವಾರ ವಾರದ ಸರಾಸರಿಯೂ ಕದಲಲಿಲ್ಲ, ಸೊಂಟವೂ ಕದಲಲಿಲ್ಲ ಅಂದರೆ ಊಟದ ಲೆಕ್ಕವನ್ನ ಎರಡು ವಾರ ತಕ್ಕಡಿ ಇಟ್ಟು ನೋಡ್ತೀನಿ ಅಂತ. ಮೊದಲೇ ಬರೆಯದಿದ್ದರೆ, ಆಮೇಲೆ ಯಾವ ಅಂಕಿ ಚೆನ್ನಾಗಿದೆಯೋ ಅದನ್ನೇ ಹಿಡಿದುಕೊಂಡು ಸಮಾಧಾನ ಮಾಡಿಕೊಳ್ತೀವಿ.

ಕಬ್ಬಿಣ_ಪ್ರೀತಿ

ಇದಕ್ಕೆ ಒಂದು ಸೇರಿಸ್ತೀನಿ. ಸ್ನಾಯು ಕೊಬ್ಬಿಗಿಂತ ಗಟ್ಟಿ, ಅದಕ್ಕೇ ಸೊಂಟ ಇಳಿದಿದೆ ಅಂತಾರಲ್ಲ, ಆ ವಿವರಣೆ ಪೂರ್ತಿ ಸರಿಯಿಲ್ಲ. ಒಂದು ಕೆಜಿ ಕೊಬ್ಬು ಸುಮಾರು 1.1 ಲೀಟರ್ ಜಾಗ ಹಿಡಿಯುತ್ತೆ, ಒಂದು ಕೆಜಿ ಸ್ನಾಯು 0.94 ಲೀಟರ್. ಎರಡು ಕೆಜಿ ಅದಲುಬದಲಾದರೂ ಇಡೀ ಮೈಯಲ್ಲಿ ವ್ಯತ್ಯಾಸ ಒಂದು ಲೋಟದಷ್ಟು. ಅಷ್ಟಕ್ಕೇ ಬೆಲ್ಟ್ ಇಷ್ಟು ಒಳಗೆ ಬರಲ್ಲ. ಮುಖ್ಯವಾದದ್ದು ಜಾಗ: ಹೋದದ್ದು ಹೊಟ್ಟೆಯಿಂದ, ಬಂದದ್ದು ತೊಡೆ, ಬೆನ್ನು, ಭುಜಕ್ಕೆ. ಹಾಗಾಗಿ ತೊಡೆ, ತೋಳುಗಳನ್ನೂ ಅಳೆದಿಡಿ. ಸೊಂಟ ಇಳಿದು ತೊಡೆ ಹಾಗೇ ಇದ್ದರೂ ಲಾಭವೇ.

ನೋಟ್‌ಬುಕ್ ವಿಷಯಕ್ಕೆ ನೀವು ಉತ್ತರ ಕೊಡಲಿಲ್ಲ.

ಬೆಳಗಿನ_ಬೂಟು

ಕ್ಷಮಿಸಿ, ಬರೆದಿಟ್ಟಿದ್ದೀನಿ. ಸ್ಕ್ವಾಟ್ (ಭಾರ ಹೊತ್ತು ಕೂತು ಏಳೋದು) ಮೊದಲ ವಾರ 40 ಕೆಜಿ 8 ಸಲ, ಕಳೆದ ವಾರ 60 ಕೆಜಿ 8 ಸಲ. ಕ್ರಿಯಾಟಿನ್ ತಗೊಳ್ತಿಲ್ಲ. ಇದನ್ನ ಪ್ರಗತಿ ಅಂತ ನಾನು ಲೆಕ್ಕಕ್ಕೇ ತಗೊಂಡಿರಲಿಲ್ಲ.

ಕಬ್ಬಿಣ_ಪ್ರೀತಿ

ಲೆಕ್ಕಕ್ಕೇ ತಗೊಂಡಿರಲಿಲ್ಲವಾ! ಸರ್, ಎಪ್ಲಿ ಸೂತ್ರದ ಪ್ರಕಾರ ಎತ್ತಿದ ಭಾರವನ್ನ (1 + ಸಲ ÷ 30) ಇಂದ ಗುಣಿಸಿದರೆ ಒಂದೇ ಸಲಕ್ಕೆ ಎತ್ತಬಲ್ಲ ಗರಿಷ್ಠದ ಅಂದಾಜು ಬರುತ್ತೆ. ನಿಮ್ಮದು 51 ಇದ್ದದ್ದು 76 ಆಗಿದೆ. ಅದೇ ಮೈತೂಕದಲ್ಲಿ ಅರ್ಧದಷ್ಟು ಹೆಚ್ಚು ಶಕ್ತಿ.

ಆದರೆ ಇದನ್ನೂ ಸರಿಯಾಗಿ ಓದಬೇಕು. ಮೊದಲ ಕೆಲವು ವಾರದ ಏರಿಕೆಯಲ್ಲಿ ದೊಡ್ಡ ಪಾಲು ನರಗಳದ್ದು. ಇರುವ ಸ್ನಾಯುವನ್ನೇ ಒಟ್ಟಿಗೆ ದುಡಿಸೋಕೆ ಮಿದುಳು ಕಲಿಯುತ್ತೆ. 1979ರಲ್ಲೇ ಮೊರಿಟಾನಿ, ಡಿವ್ರೀಸ್ ಅನ್ನೋ ಸಂಶೋಧಕರು ಇದನ್ನ ತೋರಿಸಿದ್ದರು. ಭಾರ ಏರಿದ ಮಾತ್ರಕ್ಕೆ ಸ್ನಾಯು ಅಷ್ಟೇ ಬೆಳೆದಿದೆ ಅಂತಲ್ಲ. ಹಾಗಂತ ಶಕ್ತಿ ಸುಳ್ಳೂ ಅಲ್ಲ, ಮೂಟೆ ಎತ್ತುವಾಗ ಅದು ನಿಮ್ಮದೇ. ಮತ್ತೆ ಅದೇ ಆಳಕ್ಕೆ ಕೂತು ಎದ್ದದ್ದನ್ನ ಮಾತ್ರ ಎಣಿಸಿ. ಭಾರ ಏರಿದ ಹಾಗೆ ಕೂರೋದು ಅರ್ಧಕ್ಕೇ ನಿಂತರೆ ಹೋಲಿಕೆ ಕೆಟ್ಟಿತು.

ತಿಂಗಳ_ಲೆಕ್ಕ

ಇಲ್ಲಿ ಓದ್ತಿರೋ ಹೆಣ್ಣುಮಕ್ಕಳಿಗೆ ಒಂದು ಮಾತು. ವಾರದ ಸರಾಸರಿ ನಮಗೆ ಸಾಲಲ್ಲ. ನನಗೆ ಮುಟ್ಟಿನ ಹಿಂದಿನ ನಾಲ್ಕೈದು ದಿನ ಒಂದೂವರೆ ಕೆಜಿ ಏರುತ್ತೆ, ಸೊಂಟ ಎರಡು ಸೆಂ.ಮೀ. ಊದುತ್ತೆ, ಎರಡನೇ ಮೂರನೇ ದಿನಕ್ಕೆ ಇಳಿದುಹೋಗುತ್ತೆ. ಎರಡು ವರ್ಷ ಪ್ರತಿ ತಿಂಗಳೂ ಅದೇ ವಾರದಲ್ಲಿ ನಾನು ವ್ಯಾಯಾಮ ಬಿಡ್ತಿದ್ದೆ. ಕಾರಣ ಯಂತ್ರದ ಅಂಕಿ ಅಂತ ಗೊತ್ತಾಗೋಕೇ ಎರಡು ವರ್ಷ ಹಿಡೀತು. ಆ ದಿನಗಳನ್ನ ನೆನೆದರೆ ಈಗಲೂ ಬೇಜಾರಾಗುತ್ತೆ, ಯಾರೂ ಹೇಳಿರಲಿಲ್ಲ.

ಈಗ ಮುಟ್ಟಿನ ಏಳನೇ ದಿನ ಮಾತ್ರ ಹೋಲಿಸ್ತೀನಿ. ಈ ತಿಂಗಳ ಏಳನೇ ದಿನ, ಹೋದ ತಿಂಗಳ ಏಳನೇ ದಿನ. ನಡುವಿನದ್ದು ಬರೆದಿಡ್ತೀನಿ, ಅದರಿಂದ ಏನೂ ತೀರ್ಮಾನ ಮಾಡಲ್ಲ.

ಹಿರಿಯಜ್ಜ_63

ನಮಸ್ಕಾರ್ರಿ ಎಲ್ಲಾರಿಗೂ. ನನಗ 63 ವರ್ಷ. ನಾ ತೂಕ ಇಳಸಾಕ ಬಂದಾಂವ ಅಲ್ರಿ. ಎರಡ ವರ್ಷದ ಹಿಂದ ನೆಲದ ಮ್ಯಾಲೆ ಕುಂತ್ರ ಏಳಾಕ ಯಾರರ ಕೈ ಕೊಡಬೇಕಿತ್ತು. ಆವಾಗ ಒಬ್ರು ಒಂದು ಪರೀಕ್ಷಾ ಹೇಳಿಕೊಟ್ರು. ಕುರ್ಚಿ ಗ್ವಾಡಿಗೆ ಒತ್ತಿ ಇಡೂದು, ಕೈ ಎರಡೂ ಎದಿ ಮ್ಯಾಲೆ ಕಟಗೊಳ್ಳೂದು, 30 ಸೆಕೆಂಡಿನ್ಯಾಗ ಎಷ್ಟ ಸಲ ಪೂರಾ ಎದ್ದು ಕುಂದ್ರತೀವಿ ಅಂತ ಎಣಸೂದು. ನನ್ನ ವಯಸ್ಸಿನ ಗಂಡಸರಿಗೆ 14ರಿಂದ 19 ಅಂದ್ರ ಸರಾಸರಿ ಅಂತಾರ. ಮೊದಲನೇ ಸಲ ನನಗ 9 ಆತು. ಎದಿ ಹೊಡಕೊಳ್ಳಾಕ ಹತ್ತಿತ್ತು.

ಈಗ 16 ರೀ. ತೂಕ ಎರಡ ವರ್ಷದಾಗ ಒಂದ ಕೆಜಿ ಇಳದೈತಿ. ಮೊನ್ನೆ ಮೊಮ್ಮಗಳು ನೆಲದ ಮ್ಯಾಲೆ ಆಡಾಕ ಕರದ್ಲು, ಹೋಗಿ ಕುಂತೆ. ಆಟ ಮುಗದ ಮ್ಯಾಲೆ ಆಕಿನ್ನ ಎತಗೊಂಡ ಎದ್ದೆ. ಎದ್ದು ನಿಂತ ಮ್ಯಾಲೆ ನೆಪ್ಪಾತು, ಯಾರ ಕೈನೂ ಹಿಡದಿಲ್ಲಲಾ ಅಂತ.

ಫಿಸಿಯೋ_ಅಕ್ಕ

ಹಿರಿಯರೇ, ಓದಿ ಕಣ್ಣು ತುಂಬಿ ಬಂತು. ನೀವು ಮಾಡಿದ ಪರೀಕ್ಷೆ ರಿಕ್ಲಿ ಮತ್ತು ಜೋನ್ಸ್ ಅನ್ನೋರು ಹಿರಿಯರಿಗೆಂದೇ ರೂಪಿಸಿದ್ದು, ನಾವು ದಿನಾ ಬಳಸ್ತೀವಿ. ಮುಷ್ಟಿಯ ಬಲವೂ ಹೀಗೇ. 2015ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಪ್ಯೂರ್ ಅಧ್ಯಯನ 17 ದೇಶಗಳ ಸುಮಾರು 1,40,000 ಜನರ ಕೈಹಿಡಿತ ಅಳೆದಿತ್ತು. ಹಿಡಿತ 5 ಕೆಜಿ ಕಡಿಮೆ ಇದ್ದಷ್ಟಕ್ಕೂ ಸಾವಿನ ಅಪಾಯ 16% ಹೆಚ್ಚಿತ್ತು. ಮುಷ್ಟಿ ಹಿಂಡಿದರೆ ಆಯಸ್ಸು ಬೆಳೆಯುತ್ತೆ ಅಂತ ಅರ್ಥ ಅಲ್ಲ, ಒಟ್ಟು ಮೈಯ ಸ್ಥಿತಿಗೆ ಅದೊಂದು ಸೂಚಕ.

ಓಟದ_ಹುಚ್ಚು

ಸ್ನಾಯು ಆಯ್ತು, ಸೊಂಟ ಆಯ್ತು, ಹೃದಯದ ಮಾತು ಯಾರೂ ಎತ್ತಿಲ್ಲ. ಬೇಗ ಬದಲಾಗೋದೇ ಅದು.

ಬೂಟು ಸರ್, ಇದನ್ನ ಮನೆಯಲ್ಲೇ ಮಾಡಿ. ಸುಮಾರು 30 ಸೆಂ.ಮೀ. ಎತ್ತರದ ಅಲುಗಾಡದ ಮೆಟ್ಟಿಲು ಬೇಕು. ಫೋನಿನಲ್ಲಿ ಮೆಟ್ರೋನೋಮ್ (ಒಂದೇ ತಾಳಕ್ಕೆ ಟಿಕ್ ಅನ್ನೋ ಆ್ಯಪ್) ನಿಮಿಷಕ್ಕೆ 96ಕ್ಕೆ ಇಡಿ. ಒಂದೊಂದು ಟಿಕ್‌ಗೆ ಒಂದು ಹೆಜ್ಜೆ: ಹತ್ತು, ಹತ್ತು, ಇಳಿ, ಇಳಿ. ನಿಮಿಷಕ್ಕೆ 24 ಸಲ ಹತ್ತಿಳಿದ ಹಾಗಾಯ್ತು. ಮೂರು ನಿಮಿಷ ಮುಗಿದ ತಕ್ಷಣ ಕೂತು ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ. ಬಂದ ಅಂಕಿ ಬರೆದಿಡಿ, ತಿಂಗಳು ಬಿಟ್ಟು ಮತ್ತೆ. ಅಷ್ಟೇ ಕೆಲಸಕ್ಕೆ ಬಡಿತ ಕಡಿಮೆ ಆಗಿದೆ ಅಂದರೆ ಹೃದಯ ಒಂದೊಂದು ಬಡಿತಕ್ಕೆ ಹೆಚ್ಚು ರಕ್ತ ನೂಕ್ತಿದೆ. ಮಂಡಿ ನೋವಿದ್ದರೆ ಇದು ಬೇಡ, ಸಮತಟ್ಟು ದಾರಿಯಲ್ಲಿ ಗೊತ್ತಿರೋ ದೂರವನ್ನ ನಡೆದು ಹೊತ್ತು ನೋಡಿಕೊಳ್ಳಿ.

ಓಡುವವರಿಗೆ ಕೆನೆತ್ ಕೂಪರ್ 1968ರಲ್ಲಿ ಕೊಟ್ಟ ಪರೀಕ್ಷೆ ಇದೆ, 12 ನಿಮಿಷದಲ್ಲಿ ಎಷ್ಟು ದೂರ ಓಡ್ತೀವಿ ಅಂತ ನೋಡೋದು. ನನ್ನದು ಒಂದು ವರ್ಷದಲ್ಲಿ 1,900 ಮೀಟರಿನಿಂದ 2,100ಕ್ಕೆ ಬಂತು. ಅವರ ಸೂತ್ರದಲ್ಲಿ ವಿಓ2 ಮ್ಯಾಕ್ಸ್ (ಮೈ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು ಅನ್ನೋ ಅಳತೆ) 31ರಿಂದ 35ರ ಮೇಲಕ್ಕೆ. ಆ ವರ್ಷ ನನ್ನ ತೂಕ ಇಳಿದದ್ದು 700 ಗ್ರಾಂ.

ಮಾತ್ರೆ_ಡಬ್ಬಿ

ಬಿಪಿಗೆ ಬೀಟಾ ಬ್ಲಾಕರ್ ತಗೊಳ್ಳೋರು ಗಮನಿಸಿ. ಆ ಮಾತ್ರೆ ನಾಡಿಯನ್ನೇ ತಗ್ಗಿಸುತ್ತೆ, ಈ ಲೆಕ್ಕ ನಮಗೆ ತಪ್ಪು ತೋರಿಸುತ್ತೆ. ವೈದ್ಯರು ಡೋಸ್ ಹೆಚ್ಚಿಸಿದ ವಾರ ನನ್ನ ನಾಡಿ 10 ಇಳಿದಾಗ ನಡಿಗೆಯ ಫಲ ಅಂತ ಖುಷಿಪಟ್ಟಿದ್ದೆ. ನಾನೀಗ ಉಸಿರಿನ ಮೇಲೆ ನೋಡ್ತೀನಿ. ಅದೇ ಏರಿನಲ್ಲಿ ಪೂರ್ತಿ ವಾಕ್ಯ ಮಾತಾಡೋಕೆ ಆಗುತ್ತಾ, ಎರಡು ಪದಕ್ಕೆ ನಿಲ್ಲುತ್ತಾ ಅಂತ. ರಕ್ತಪರೀಕ್ಷೆಯಲ್ಲಿ ಎಚ್‌ಬಿಎ1ಸಿ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುತ್ತೆ, 12 ವಾರದ ವ್ಯಾಯಾಮಕ್ಕೆ ಒಳ್ಳೇ ಜೋಡಿ.

ಹೊಸಬ

ಕೊಬ್ಬಿನ ಶೇಕಡಾ ತೋರಿಸೋ ಸ್ಮಾರ್ಟ್ ತೂಕದ ಯಂತ್ರ ತಗೊಳ್ಳಲಾ?

ನೇರ_ಮಾತು

ಇರೋದನ್ನ ಬಿಸಾಡಬೇಡಿ, ಇದಕ್ಕೆಂದೇ ತಗೊಳ್ಳಲೂ ಬೇಡಿ. ಅದು ಕೊಬ್ಬನ್ನ ನೋಡಲ್ಲ. ಒಂದು ಪಾದದಿಂದ ಇನ್ನೊಂದಕ್ಕೆ ಸಣ್ಣ ಕರೆಂಟು ಹರಿಸಿ, ಎಷ್ಟು ತಡೆ ಬಂತು ಅಂತ ನೋಡಿ, ಮೈಯಲ್ಲಿ ನೀರೆಷ್ಟು ಅಂತ ಅಂದಾಜಿಸಿ, ಅದರಿಂದ ಕೊಬ್ಬಿನ ಅಂದಾಜಿಗೆ ಬರುತ್ತೆ. ನೀರು ಕುಡಿದ ಮೇಲೆ ಒಂದು, ಬೆವರಿದ ಮೇಲೆ ಇನ್ನೊಂದು. ಕರೆಂಟು ಹೆಚ್ಚಾಗಿ ಕಾಲಿನಲ್ಲೇ ಹಾದುಹೋಗುತ್ತೆ, ಹೊಟ್ಟೆಯ ಸುದ್ದಿ ಅದಕ್ಕೆ ಅಷ್ಟಾಗಿ ಗೊತ್ತಾಗಲ್ಲ. ಎಕ್ಸ್‌ರೇಯಿಂದ ಕೊಬ್ಬು, ಮೂಳೆ ಅಳೆಯೋ ಡೆಕ್ಸಾ ಸ್ಕ್ಯಾನ್ ಇದಕ್ಕಿಂತ ಎಷ್ಟೋ ವಾಸಿ, ಆದರೂ ಟೇಪು ಮತ್ತು ನೋಟ್‌ಬುಕ್ ನಿಮಗೆ ಸಾಕು.

ಫಿಸಿಯೋ_ಅಕ್ಕ

ಇದನ್ನ ಹೇಳದೆ ಹೋದರೆ ತಪ್ಪಾಗುತ್ತೆ. ಎರಡು ಮೂರು ದಿನದಲ್ಲಿ ತೂಕ ಸರ್ರನೆ ಏರಿ, ಪಾದ ಊದಿ, ಮಲಗಿದಾಗ ಉಸಿರು ಕಟ್ಟಿದರೆ ಅದು ಈ ಚರ್ಚೆಯ ನೀರಲ್ಲ, ತಕ್ಷಣ ವೈದ್ಯರ ಹತ್ತಿರ ಹೋಗಿ. ಏನೂ ಮಾಡದೆ ತೂಕ ಇಳೀತಾ ಹೋದರೂ ಅಷ್ಟೆ.

ಬೆಳಗಿನ_ಬೂಟು

ಐದು ವಾರ ಆದ ಮೇಲೆ ಬರ್ತಿದ್ದೀನಿ. ನೇರ ಮಾತು ಹೇಳಿದ ಷರತ್ತನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿದ್ದೆ, ನಾಲ್ಕು ವಾರ ತುಂಬಿದಾಗ ಅದನ್ನ ತೆಗೆದು ನೋಡಿದೆ.

ವಾರದ ಸರಾಸರಿ 83.7 ಇದ್ದದ್ದು 83.2. ಟೇಪಿನ ಸೊಂಟ 95ರಿಂದ 93.5. ತೊಡೆ ಬದಲಾಗಿಲ್ಲ. ಮೆಟ್ಟಿಲಿನ ನಾಡಿ ಮೊದಲ ದಿನ 128, ಈ ಭಾನುವಾರ 117. ಸ್ಕ್ವಾಟ್ 65 ಕೆಜಿ 8 ಸಲ, ಆದರೆ ಕಬ್ಬಿಣ ಹೇಳಿದ ಮೇಲೆ ಮಗಳ ಹತ್ತಿರ ಪಕ್ಕದಿಂದ ವಿಡಿಯೋ ತೆಗೆಸಿದೆ. ಕೊನೆಯ ಮೂರು ಸಲ ಪೂರ್ತಿ ಕೂರ್ತಿರಲಿಲ್ಲ. 60ಕ್ಕೆ ಇಳಿಸಿಕೊಂಡು ಸರಿಯಾಗಿ ಕೂತು ಏಳ್ತಿದ್ದೀನಿ. ಪುಶಪ್ ಮಾತ್ರ 11ರಲ್ಲೇ ನಿಂತಿದೆ, ಕದಲಿಲ್ಲ.

ಎತ್ತರದ ಅರ್ಧಕ್ಕೆ ಇನ್ನೂ ಏಳೂವರೆ ಸೆಂ.ಮೀ. ಇದೆ. ನಡುವೆ ಒಂದು ದಿನ ಮತ್ತೆ 84.1 ತೋರಿಸಿತು. ಬರೆದು ಬೂಟು ಹಾಕಿಕೊಂಡು ಹೊರಟೆ.

ಕಬ್ಬಿಣ_ಪ್ರೀತಿ

65ರಿಂದ 60ಕ್ಕೆ ಇಳಿಸಿದ್ದೇ ನನಗೆ ಇದರಲ್ಲೆಲ್ಲ ಹೆಚ್ಚು ಇಷ್ಟ ಆಯ್ತು ಸರ್. ಪುಶಪ್ ವಾರಕ್ಕೆ ಎಷ್ಟು ದಿನ?

ಬೆಳಗಿನ_ಬೂಟು

ಒಂದೇ ದಿನ, ಅದೂ ಕೊನೆಯಲ್ಲಿ, ಸುಸ್ತಾದ ಮೇಲೆ. ಈ ವಾರದಿಂದ ಎರಡು ದಿನ, ಮೊದಲಿಗೇ ಮಾಡ್ತೀನಿ.

ಇನ್ನೊಂದು ಹೇಳೋದು ಮರೆತೆ. ಟೇಪಿನ ಸೊನ್ನೆ ಕಡೆಯ ತಗಡು ಸಡಿಲ ಆಗಿತ್ತು, ಹೊಸದು ತಂದೆ. ಒಂದೇ ದಿನ ಎರಡರಲ್ಲೂ ಅಳೆದೆ, ಅರ್ಧ ಸೆಂ.ಮೀ. ವ್ಯತ್ಯಾಸ ಬಂತು. ಮೇಲಿನ ಅಂಕಿ ಎರಡೂ ಹಳೇ ಟೇಪಿನದ್ದು. ಮುಂದಿನ ತಿಂಗಳಿಂದ ಹೊಸ ಟೇಪು, ಪುಟದ ತುದಿಯಲ್ಲಿ ಹಾಗಂತ ಬರೆದಿದ್ದೀನಿ.